ಪುಟ್ಟ ಕಣ್ಣಿನ ಲೇಸ್: ಮಗುವಿಗೊಂದು ಕ್ರೋಶಾ ಹೊದಿಕೆ ಹೆಣೆಯುವ ಬಗೆ

ನಾನು ಹೆಣೆದ ಮೊದಲ ಮಗುವಿನ ಹೊದಿಕೆ ನೋಡೋಕೆ ತುಂಬಾ ಚೆನ್ನಾಗಿತ್ತು. ಅಣ್ಣನ ಮಗಳ ನಾಮಕರಣಕ್ಕೆಂದು ಎರಡು ತಿಂಗಳು ಕೂತು ಮಾಡಿದ್ದು. ಬಿಳಿ ನೂಲು, ಮೀನಿನ ಬಲೆಯ ಹಾಗೆ ದೊಡ್ಡ ದೊಡ್ಡ ಕಣ್ಣು, ಅಂಚಿಗೆ ಗೊಂಡೆ. ಬಂದವರೆಲ್ಲ ಹಿಡಿದು ನೋಡಿದರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಒಳಗಿನಿಂದ ಮಗು ಕಿರುಚಿತು. ಎರಡು ಕಾಲ್ಬೆರಳು ಹೊದಿಕೆಯ ಕಣ್ಣಿಗೆ ಸಿಕ್ಕಿಕೊಂಡಿದ್ದವು. ಮಗು ಕಾಲು ಝಾಡಿಸಿದಷ್ಟೂ ದಾರ ಬಿಗಿಯುತ್ತಿತ್ತು. ಅತ್ತಿಗೆ ಕತ್ತರಿ ತಂದು ದಾರ ಕತ್ತರಿಸಿದರು. ಆಮೇಲೆ ನನ್ನ ಮುಖ ನೋಡಿ, "ಚೆನ್ನಾಗಿದೆ ಕಣೇ, ಆದ್ರೆ ಇದನ್ನ ಟೀಪಾಯಿ ಮೇಲೆ ಹಾಸೋಣ" ಅಂದರು. ಈಗಲೂ ಅದು ಟೀಪಾಯಿ ಮೇಲೇ ಇದೆ.

ಅಂದಿನಿಂದ ಮಗುವಿಗೆಂದು ಏನು ಹೆಣೆದರೂ ನಾನು ಮೊದಲು ನೋಡುವುದು ಕಣ್ಣಿನ ಅಳತೆ. ಲೇಸ್ ಅಂದರೆ ತೂತು ಇರಲೇಬೇಕು, ಸರಿ. ಆದರೆ ಆ ತೂತಿನಲ್ಲಿ ನಿಮ್ಮ ಕಿರುಬೆರಳ ತುದಿ ಸಲೀಸಾಗಿ ತೂರಬಾರದು. ತೂರಿದರೆ ಅದು ಮಗುವಿನ ಹೊದಿಕೆ ಅಲ್ಲ. ಕೆಳಗೆ ಹೇಳುವ ವಿನ್ಯಾಸ ಈ ಲೆಕ್ಕಕ್ಕೆ ಒಪ್ಪುತ್ತದೆ. ಇನ್ನೊಂದು ಅನುಕೂಲವೂ ಇದೆ. ಒಂದೇ ಸಾಲನ್ನು ಕಲಿತರೆ ಸಾಕು, ಅದನ್ನೇ ಕೊನೆಯವರೆಗೂ ಹೆಣೆಯುತ್ತಾ ಹೋಗಬಹುದು. ಕುಕ್ಕರ್ ಕೂಗಿದಾಗ ಎದ್ದು ಹೋಗಿ, ಮತ್ತೆ ಬಂದು ಕೂತರೂ ಎಲ್ಲಿದ್ದೆ ಅಂತ ತಡಕಾಡಬೇಕಾಗಿಲ್ಲ.

ಸೀರೆಗೆ ಕುಚ್ಚು ಹಾಕಿ ಅಭ್ಯಾಸ ಇರುವವರಿಗೆ ಅರ್ಧ ಕೆಲಸ ಆಗಲೇ ಬರುತ್ತದೆ. ಚೈನ್ ಹಾಕುವ ಕೈ ಅದೇ. ನೂಲು ದಪ್ಪ, ಕಡ್ಡಿ ದಪ್ಪ, ಅಷ್ಟೇ ವ್ಯತ್ಯಾಸ. ಏನೂ ಗೊತ್ತಿಲ್ಲದವರಿಗೂ ಹೊಲಿಗೆಗಳನ್ನು ಕೆಳಗೆ ಬಿಡಿಸಿ ಹೇಳಿದ್ದೇನೆ.

ನೂಲು ಆರಿಸುವುದು

ನಮ್ಮ ಕಡೆ ಹುಟ್ಟಿದ ಮಗುವಿಗೆ ಮೊದಲು ಸುತ್ತುವುದು ಅಜ್ಜಿಯ ಹಳೇ ಹತ್ತಿ ಸೀರೆ. ನೂರಾರು ಸಲ ಒಗೆದು ಒಗೆದು ಬೆಣ್ಣೆಯ ಹಾಗೆ ಆಗಿರುತ್ತದೆ. ಅಂಗಡಿಯಲ್ಲಿ ನೂಲು ಹಿಡಿದಾಗ ಆ ಸೀರೆಯನ್ನು ನೆನಪಿಸಿಕೊಳ್ಳಿ. ಉಂಡೆಯನ್ನು ಕೈಯಲ್ಲಿ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲ. ಕತ್ತಿನ ಹತ್ತಿರ, ಗಲ್ಲದ ಕೆಳಗೆ ಉಜ್ಜಿ ನೋಡಿ. ಅಲ್ಲಿ ಚುಚ್ಚಿದರೆ ಮಗುವಿಗೂ ಚುಚ್ಚುತ್ತದೆ.

ಅಂಗಡಿಯಲ್ಲಿ ಎಲ್ಲಕ್ಕೂ "ಉಲನ್" ಅಂತಲೇ ಹೆಸರು. ಅದರಲ್ಲಿ ಬಹುಪಾಲು ಕುರಿಯ ಉಣ್ಣೆ ಅಲ್ಲ, ಅಕ್ರಿಲಿಕ್ ಅನ್ನುವ ಕೃತಕ ನೂಲು. ಅಕ್ರಿಲಿಕ್ ಹಗುರ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಮಡಿಕೇರಿಯ ಚಳಿಗೆ, ಇಲ್ಲವೇ ಹೊರದೇಶದಲ್ಲಿರುವ ಮಗಳ ಮನೆಗೆ ಕಳಿಸಲು ಪರವಾಗಿಲ್ಲ. ಆದರೆ ಅದಕ್ಕೆ ಬೆಂಕಿ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ. ಬಾಣಂತನದ ಮನೆಯಲ್ಲಿ ಮಗುವಿನ ಸ್ನಾನ ಆದ ಮೇಲೆ ಸಾಂಬ್ರಾಣಿ ಹಾಕುವ ರೂಢಿ ಇರುತ್ತಲ್ವಾ, ಕೆಂಡದ ಒಂದು ಕಿಡಿ ಸಾಕು. ಹೊಗೆ ಎಳೆಮಗುವಿನ ಶ್ವಾಸಕ್ಕೆ ಒಳ್ಳೆಯದಲ್ಲ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ, ಅದು ಬೇರೆ ಮಾತು. ಆದರೆ ಹಿರಿಯರು ಬಿಡದ ಮನೆಯಾದರೆ ಹತ್ತಿಯೇ ಕ್ಷೇಮ.

ಬೆಂಗಳೂರು, ಮೈಸೂರು, ಬಯಲುಸೀಮೆ, ಕರಾವಳಿ ಎಲ್ಲ ಕಡೆಗೂ ನನ್ನ ಆಯ್ಕೆ ಹತ್ತಿ. ಬೆವರು ಹೀರುತ್ತದೆ, ಬಿಸಿನೀರಿನಲ್ಲಿ ತೊಳೆಯಬಹುದು. ತೂಕ ಸ್ವಲ್ಪ ಜಾಸ್ತಿ, ಒಣಗೋಕೆ ಸಮಯ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನವಾದರೂ ಹಸಿಹಸಿಯಾಗಿಯೇ ಇರುತ್ತದೆ. "ಮಿಲ್ಕ್ ಕಾಟನ್" ಅಂತ ಮಾರುವ ನೂಲು ಮೆತ್ತಗೆ ಚೆನ್ನಾಗಿರುತ್ತದೆ. ಆದರೆ ಹೆಸರು ನೋಡಿ ಪೂರ್ತಿ ಹತ್ತಿ ಅಂದುಕೊಳ್ಳಬೇಡಿ, ಬೇರೆ ನೂಲು ಬೆರೆತಿರಬಹುದು. ಲೇಬಲ್ ಓದಿ.

ಕುರಿಯ ಉಣ್ಣೆ ಬೇಡ. ಬಿಸಿನೀರು ಬಿದ್ದರೆ ಕುಗ್ಗಿ ಕಂಬಳಿಯಾಗುತ್ತದೆ. ರೋಮರೋಮವಾದ ನೂಲು ಬೇಡ, ಆ ರೋಮ ಮಗುವಿನ ಬಾಯಿಗೆ ಹೋಗುತ್ತದೆ. ಜರಿ ಎಳೆ ಸೇರಿದ್ದಂತೂ ಬೇಡವೇ ಬೇಡ.

ದಪ್ಪ ಎಷ್ಟಿರಬೇಕು? 8 ಪ್ಲೈ ಅಥವಾ ಡಿಕೆ ಅನ್ನುವ ಮಧ್ಯಮ ನೂಲು. ಪ್ಲೈ ಅನ್ನುವ ಮಾತನ್ನು ಒಬ್ಬೊಬ್ಬರು ಒಂದೊಂದು ಥರ ಬಳಸುತ್ತಾರೆ, ಅದನ್ನೇ ನೆಚ್ಚಿಕೊಳ್ಳಬೇಡಿ. 100 ಗ್ರಾಂ ನೂಲು ಎಷ್ಟು ಮೀಟರ್ ಅಂತ ನೋಡಿ. 200ರಿಂದ 250 ಮೀಟರ್ ಇದ್ದರೆ ಈ ಹೊದಿಕೆಗೆ ಸರಿ. ಲೇಬಲ್ಲಿನಲ್ಲಿ ಲಾಟ್ ನಂಬರ್, ಅಂದರೆ ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು, ಇರುತ್ತದೆ. ಎಲ್ಲ ಉಂಡೆಗಳದ್ದೂ ಒಂದೇ ಇರಲಿ. ಅಂಗಡಿಯ ದೀಪದಡಿ ಒಂದೇ ಬಣ್ಣ ಕಂಡ ಎರಡು ಲಾಟುಗಳು ಮನೆಯ ಬಿಸಿಲಲ್ಲಿ ಹೊದಿಕೆಯ ನಡುವೆ ಗೆರೆ ಎಳೆದ ಹಾಗೆ ಬೇರೆಯಾಗಿ ಕಾಣುತ್ತವೆ.

ತಿಳಿ ಬಣ್ಣ, ಒಂದೇ ಬಣ್ಣ ತಗೊಳ್ಳಿ. ಗಾಢ ಬಣ್ಣದಲ್ಲಿ, ಬಣ್ಣ ಬಣ್ಣ ಬೆರೆತ ನೂಲಿನಲ್ಲಿ ಲೇಸಿನ ಕೆಲಸ ಮುಚ್ಚಿಹೋಗುತ್ತದೆ. ನೀವು ಅಷ್ಟು ಕಷ್ಟಪಟ್ಟಿದ್ದು ಕಾಣಲೂಬೇಕಲ್ಲ.

ಕಡ್ಡಿ ಮತ್ತು ಉಳಿದದ್ದು

4 ಮಿ.ಮೀ. ಕ್ರೋಶಾ ಕಡ್ಡಿ ಒಂದು, 5 ಮಿ.ಮೀ. ಒಂದು. ದೊಡ್ಡದು ಬರೀ ಮೊದಲ ಚೈನಿಗೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕುಚ್ಚಿಗೆ ಬಳಸುವ ಸಣ್ಣ ಸ್ಟೀಲ್ ಕಡ್ಡಿ ಇದಕ್ಕೆ ಆಗುವುದಿಲ್ಲ, ದಪ್ಪ ನೂಲು ಅದರ ಕೊಕ್ಕೆಗೆ ಕೂರುವುದೇ ಇಲ್ಲ. ಕಡ್ಡಿಯ ಮೇಲಿನ ಅಕ್ಷರ, ನಂಬರುಗಳು ದೇಶಕ್ಕೊಂದು ಥರ. ಮಿ.ಮೀ. ಮಾತ್ರ ನೋಡಿ.

ಮೊಂಡು ತುದಿಯ ದಪ್ಪ ಸೂಜಿ, ಟೇಪು, ಕತ್ತರಿ, ಬೇರೆ ಬಣ್ಣದ ಏಳೆಂಟು ದಾರದ ತುಂಡು. ಗುರುತಿಗೆ ಸೇಫ್ಟಿ ಪಿನ್ ಬಳಸುವವರು ಬಹಳ ಮಂದಿ. ನಾನು ಮಗುವಿನ ಕೆಲಸಕ್ಕೆ ಪಿನ್ ಮುಟ್ಟುವುದಿಲ್ಲ. ದಾರದ ತುಂಡು ಮರೆತು ಉಳಿದರೆ ಏನೂ ಆಗುವುದಿಲ್ಲ, ಪಿನ್ ಉಳಿದರೆ ಆಗುತ್ತದೆ.

ಹೊಲಿಗೆಗಳು, ಅವುಗಳ ಹೆಸರಿನ ಗೋಜಲು

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅಮೆರಿಕದವರು ಡಬಲ್ ಕ್ರೋಶೆ ಅನ್ನುವುದನ್ನು ಇಂಗ್ಲೆಂಡಿನವರು ಟ್ರೆಬಲ್ ಅನ್ನುತ್ತಾರೆ. ಅಮೆರಿಕದ ಸಿಂಗಲ್ ಇಂಗ್ಲೆಂಡಿಗೆ ಡಬಲ್. ನಮ್ಮಲ್ಲಿ ಎರಡೂ ಕಡೆಯ ಪುಸ್ತಕ, ವಿಡಿಯೊ ಓಡಾಡುತ್ತವೆ. ನಡುವೆ ಗೊಂದಲವಾಗಿ ಹೊದಿಕೆ ಅರ್ಧ ಎತ್ತರಕ್ಕೇ ನಿಂತುಬಿಡುತ್ತದೆ. ಅದಕ್ಕೇ ಈ ಲೇಖನದಲ್ಲಿ ನನ್ನ ಹೆಸರುಗಳನ್ನೇ ಇಟ್ಟುಕೊಳ್ಳುತ್ತೇನೆ.

ಚೈನ್ ಎಲ್ಲರಿಗೂ ಗೊತ್ತು. ಜಾರುಗಂಟು ಹಾಕಿ, ಕಡ್ಡಿಗೆ ದಾರ ಸುತ್ತಿ, ಕುಣಿಕೆಯೊಳಗಿಂದ ಎಳೆದರೆ ಒಂದು ಚೈನ್. ಕಡ್ಡಿಯ ಮೇಲಿರುವ ಕುಣಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಸಿಂಗಲ್ ಅಂದರೆ ಗಿಡ್ಡ ಹೊಲಿಗೆ. ಕಡ್ಡಿಯನ್ನು ಹೊಲಿಗೆಯೊಳಗೆ ತೂರಿಸಿ, ದಾರ ಎಳೆದುಕೊಳ್ಳಿ. ಕಡ್ಡಿಯ ಮೇಲೆ ಎರಡು ಕುಣಿಕೆ ಆಯಿತು. ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಎಳೆಯಿರಿ.

ಕಂಬ ಅಂದರೆ ಎತ್ತರದ ಹೊಲಿಗೆ, ಅಮೆರಿಕದವರ ಡಬಲ್. ಮೊದಲೇ ಕಡ್ಡಿಗೆ ಒಂದು ಸುತ್ತು ದಾರ ಸುತ್ತಿಕೊಳ್ಳಿ. ಆಮೇಲೆ ಹೊಲಿಗೆಯೊಳಗೆ ತೂರಿಸಿ ದಾರ ಎಳೆಯಿರಿ. ಈಗ ಮೂರು ಕುಣಿಕೆ. ದಾರ ಸುತ್ತಿ ಎರಡರೊಳಗಿಂದ ಎಳೆಯಿರಿ, ಎರಡು ಉಳಿಯುತ್ತದೆ. ಮತ್ತೆ ದಾರ ಸುತ್ತಿ ಆ ಎರಡರೊಳಗಿಂದ ಎಳೆಯಿರಿ. ಒಂದು ಕಂಬ ಆಯಿತು. ಅದರ ಮೇಲ್ತುದಿಯಲ್ಲಿ ಎರಡು ಎಳೆ ಕಾಣುತ್ತದಲ್ಲ, ಅದು ಕಂಬದ ತಲೆ. ಮುಂದಿನ ಸಾಲಿನಲ್ಲಿ ಆ ಎರಡೂ ಎಳೆಗಳ ಕೆಳಗೆ ಕಡ್ಡಿ ಹಾಕಬೇಕು.

ಸ್ಲಿಪ್ ಹೊಲಿಗೆ ಜೋಡಿಸೋಕೆ ಮಾತ್ರ. ತೂರಿಸಿ, ದಾರ ಎಳೆದು, ಹಾಗೇ ಕಡ್ಡಿಯ ಮೇಲಿನ ಕುಣಿಕೆಯೊಳಗಿಂದಲೂ ಎಳೆದುಬಿಡುವುದು.

ಚಿಪ್ಪು: ಒಂದೇ ಜಾಗದಲ್ಲಿ 5 ಕಂಬ. ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ.

ಕವಲು: ಒಂದೇ ಜಾಗದಲ್ಲಿ 1 ಕಂಬ, 1 ಚೈನ್, 1 ಕಂಬ. ನಡುವೆ ಒಂದು ಪುಟ್ಟ ಕಿಂಡಿ ಬರುತ್ತದೆ. ಇಲ್ಲಿ ಅಂದಕ್ಕೆಂದು ಎರಡು ಮೂರು ಚೈನ್ ಹಾಕಬೇಡಿ. ಆ ಒಂದು ಚೈನೇ ಮಗುವಿನ ಬೆರಳನ್ನು ಕಾಪಾಡುವುದು.

ಎಡಗೈಯವರು ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಮಾಡಿದರೆ ಆಯಿತು. ವಿನ್ಯಾಸ ಎರಡೂ ಕಡೆ ಒಂದೇ ಥರ ಇರುವುದರಿಂದ ವ್ಯತ್ಯಾಸವೇ ಕಾಣುವುದಿಲ್ಲ.

ಮೊದಲು ಒಂದು ಮಾದರಿ ತುಂಡು

ಗೊತ್ತು, ಯಾರಿಗೂ ಇದು ಇಷ್ಟ ಇಲ್ಲ. ನನಗೂ ಇಲ್ಲ. ಆದರೆ ನಿಮ್ಮ ಕೈ ಬಿಗಿಯೋ ಸಡಿಲವೋ, ಎಷ್ಟು ನೂಲು ಬೇಕೋ, ಬಣ್ಣ ಬಿಡುತ್ತದೋ ಅಂತ ತಿಳಿಯೋಕೆ ಬೇರೆ ದಾರಿ ಇಲ್ಲ. ಒಂದು ಉಂಡೆ ಮಾತ್ರ ಬಿಚ್ಚಿ, 25 ಚೈನ್ ಹಾಕಿ, ಕೆಳಗಿನ ವಿನ್ಯಾಸವನ್ನು 11 ಸಾಲು ಹೆಣೆಯಿರಿ. ಮೂರು ಚಿಪ್ಪು, ಎರಡು ಕವಲು ಬರುತ್ತವೆ. ಒದ್ದೆ ಮಾಡಿ, ಒಣಗಿಸಿ, ಅಳೆಯಿರಿ. ನನ್ನ ಕೈಗೆ ಅದು ಸುಮಾರು 14 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ ಬರುತ್ತದೆ. ಒಂದು ಚಿಪ್ಪು, ಒಂದು ಕವಲು ಸೇರಿ 4.7 ಸೆಂ.ಮೀ. ಅಗಲ. ನಿಮ್ಮದು ಗಟ್ಟಿಯಾಗಿ ಹಪ್ಪಳದ ಹಾಗೆ ನಿಂತರೆ 4.5 ಮಿ.ಮೀ. ಕಡ್ಡಿ ಹಿಡಿಯಿರಿ. ಕಿರುಬೆರಳು ತೂರುವಷ್ಟು ಸಡಿಲವಾದರೆ 3.5 ಹಿಡಿಯಿರಿ.

ಈಗ ಈ ತುಂಡನ್ನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. 14 ಸಲ 12 ಅಂದರೆ 168 ಚದರ ಸೆಂ.ಮೀ. ನಮ್ಮ ಹೊದಿಕೆ 80 ಸಲ 90, ಅಂದರೆ 7,200. ತುಂಡಿನ 43ರಷ್ಟು. ತುಂಡು 8 ಗ್ರಾಂ ತೂಗಿದರೆ ಹೊದಿಕೆಗೆ 344 ಗ್ರಾಂ. ಅಂಚಿಗೆ ಐವತ್ತು ಸೇರಿಸಿ, ಹತ್ತಿರ ಹತ್ತಿರ 400 ಗ್ರಾಂ ಆಯಿತು. ಹತ್ತಿಯಾದರೆ 500ರವರೆಗೂ ಹೋಗಬಹುದು. ತಕ್ಕಡಿ 1 ಗ್ರಾಂ ತಪ್ಪಿದರೆ ನಮ್ಮ ಲೆಕ್ಕ 43 ಗ್ರಾಂ ತಪ್ಪುತ್ತದೆ. ಅದಕ್ಕೇ ಒಂದು ಉಂಡೆ ಜಾಸ್ತಿಯೇ ತಂದಿಡಿ. ಆಮೇಲೆ ಹೋದರೆ ಅದೇ ಲಾಟ್ ಸಿಗುವುದಿಲ್ಲ.

ಬಣ್ಣದ ಹತ್ತಿ ನೂಲಾದರೆ ಈ ತುಂಡನ್ನು ಒದ್ದೆ ಮಾಡಿ ಬಿಳಿ ಕರ್ಚೀಫಿನಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಆ ನೂಲು ಮಗುವಿಗೆ ಬೇಡ. ಅಮ್ಮನಿಗೊಂದು ಚೀಲ ಹೆಣೆಯಿರಿ.

ಹೊದಿಕೆ ಹೆಣೆಯುವುದು

5 ಮಿ.ಮೀ. ಕಡ್ಡಿಯಲ್ಲಿ 137 ಚೈನ್. ದೊಡ್ಡ ಕಡ್ಡಿ ಯಾಕೆಂದರೆ, ಹೊಸಬರ ಚೈನ್ ಯಾವಾಗಲೂ ಬಿಗಿ. ಬಿಗಿ ಚೈನಿನ ಮೇಲೆ ಚಿಪ್ಪು ಹರಡಿಕೊಂಡರೆ ಹೊದಿಕೆಯ ಬುಡ ಕುಗ್ಗಿ, ದೋಣಿಯ ಹಾಗೆ ಬಾಗುತ್ತದೆ. ಎಷ್ಟು ಒಗೆದರೂ, ಎಷ್ಟು ಎಳೆದರೂ ಅದು ಸರಿಹೋಗುವುದಿಲ್ಲ. 20 ಚೈನಿಗೊಂದು ದಾರದ ತುಂಡು ಕಟ್ಟುತ್ತಾ ಹೋಗಿ, ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೂ ಲೆಕ್ಕ ತಪ್ಪುವುದಿಲ್ಲ. ಐದಾರು ಚೈನ್ ಜಾಸ್ತಿಯೇ ಹಾಕಿಬಿಡಿ, ಉಳಿದದ್ದನ್ನು ಆಮೇಲೆ ಬುಡದ ಗಂಟಿನ ಕಡೆಯಿಂದ ಬಿಚ್ಚಬಹುದು. ಕಡಿಮೆ ಬಿದ್ದರೆ ಮಾತ್ರ ಗೋಳು.

ಅಳತೆ ಬದಲಿಸಬೇಕಾದರೆ ಸೂತ್ರ ಇಷ್ಟೇ: 8ರ ಮಗ್ಗಿಯ ಯಾವುದೇ ಅಂಕಿಗೆ 9 ಸೇರಿಸಿ. 8 ಸಲ 16, 128, ಅದಕ್ಕೆ 9 ಸೇರಿ 137. ತಳ್ಳುಗಾಡಿಗೆ ಸುಮಾರು 60 ಸೆಂ.ಮೀ. ಅಗಲ ಸಾಕು ಅಂದರೆ 8 ಸಲ 12ಕ್ಕೆ 9 ಸೇರಿಸಿ 105.

ಈಗ 4 ಮಿ.ಮೀ. ಕಡ್ಡಿ ತಗೊಳ್ಳಿ.

1ನೇ ಸಾಲು: ಕಡ್ಡಿಯಿಂದ ಎಣಿಸಿ 6ನೇ ಚೈನಿನಲ್ಲಿ ಒಂದು ಚಿಪ್ಪು. (ಬಿಟ್ಟ ಚೈನುಗಳಲ್ಲಿ ಕಡ್ಡಿಯ ಹತ್ತಿರದ ಮೂರು ಸೇರಿ ಮೊದಲ ಕಂಬ ಅಂತ ಲೆಕ್ಕ.) ಆಮೇಲೆ 3 ಚೈನ್ ಬಿಟ್ಟು ಮುಂದಿನದರಲ್ಲಿ ಕವಲು, 3 ಚೈನ್ ಬಿಟ್ಟು ಮುಂದಿನದರಲ್ಲಿ ಚಿಪ್ಪು. ಇದನ್ನೇ ಮುಂದುವರಿಸಿ. ಕೊನೆಗೆ ಚಿಪ್ಪು ಬಂದು, 3 ಚೈನ್ ಉಳಿಯುತ್ತದೆ. 2 ಬಿಟ್ಟು ಕೊನೆಯದರಲ್ಲಿ 1 ಕಂಬ.

ಇಲ್ಲಿ ನಿಂತು ಎಣಿಸಿ. 17 ಚಿಪ್ಪು, 16 ಕವಲು, ಎರಡು ತುದಿಗೆ ಒಂದೊಂದು ಕಂಬ. ಇಷ್ಟು ಇಲ್ಲದಿದ್ದರೆ ಮುಂದೆ ಹೋಗಬೇಡಿ, ಬಿಚ್ಚಿ. ಕ್ರೋಶಾದಲ್ಲಿ ಬಿಚ್ಚುವುದು ಸುಲಭ, ಕಡ್ಡಿಯ ಮೇಲೆ ಇರುವುದು ಒಂದೇ ಕುಣಿಕೆ. ಸ್ವೆಟರ್ ಹೆಣಿಗೆಯ ಹಾಗೆ ನೂರು ಕುಣಿಕೆ ಜಾರಿಹೋಗುವ ಭಯ ಇಲ್ಲ.

2ನೇ ಸಾಲು: 3 ಚೈನ್ ಹಾಕಿ (ಇದು ಮೊದಲ ಕಂಬ), ಕೆಲಸ ತಿರುಗಿಸಿ. ಕೆಳಗಿನ ಚಿಪ್ಪಿನ ನಡುವಿನ ಕಂಬ, ಅಂದರೆ ಮೂರನೆಯದರ ತಲೆಗೆ, ಒಂದು ಚಿಪ್ಪು. ಕೆಳಗಿನ ಕವಲಿನ ಕಿಂಡಿಯಲ್ಲಿ ಒಂದು ಕವಲು. ಚಿಪ್ಪಿನ ಮೇಲೆ ಚಿಪ್ಪು, ಕವಲಿನ ಮೇಲೆ ಕವಲು, ಹೀಗೇ ಸಾಲಿನ ಕೊನೆವರೆಗೆ. ಕೊನೆಗೆ, ಕೆಳಗಿನ ಸಾಲಿನ ಶುರುವಿನಲ್ಲಿ ಹಾಕಿದ್ದ 3 ಚೈನಿನ ಮೇಲಿನ ಚೈನಿಗೆ 1 ಕಂಬ.

ಅಷ್ಟೇ. 3ನೇ ಸಾಲು, 4ನೇ ಸಾಲು, 80ನೇ ಸಾಲು, ಎಲ್ಲವೂ ಇದೇ 2ನೇ ಸಾಲು. ನಾಲ್ಕೈದು ಸಾಲು ಆಗುವಷ್ಟರಲ್ಲಿ ಚಿಪ್ಪುಗಳು ಒಂದರ ಮೇಲೊಂದು ಕೂತು, ನಡುವೆ ಕವಲುಗಳು ಜಡೆಯ ಹಾಗೆ ಮೇಲೇರುವುದು ಕಾಣುತ್ತದೆ. ಆಮೇಲೆ ಕಣ್ಣೇ ತಪ್ಪನ್ನು ಹಿಡಿಯುತ್ತದೆ.

ಒಂದು ಸಾಲಿಗೆ 20ರಿಂದ 30 ನಿಮಿಷ. ಒಟ್ಟು ಮೂವತ್ತು, ನಲವತ್ತು ಗಂಟೆಯ ಕೆಲಸ. ಮಗು ಬರುವ ತಿಂಗಳಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ, ಐದನೇ ತಿಂಗಳಿಗೇ ಶುರು ಮಾಡಿ. ಸ್ವೆಟರ್ ಹೆಣೆಯೋಕೆ ಯಂತ್ರ ಇದೆ, ನಿಜವಾದ ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗಬೇಕು. ಆಂಧ್ರದ ನರಸಾಪುರದ ಕಡೆ ಹೆಂಗಸರು 19ನೇ ಶತಮಾನದಲ್ಲಿ ಮಿಷನರಿಗಳಿಂದ ಕಲಿತು ಇಂದಿಗೂ ಮನೆಯ ಜಗಲಿಯಲ್ಲಿ ಕೂತು ಕ್ರೋಶಾ ಲೇಸ್ ಮಾಡುತ್ತಾರೆ. 2024ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಕೂಡ ಬಂತು. ಒಂದು ಹೊದಿಕೆ ನೀವೇ ಮಾಡಿ ನೋಡಿದರೆ, ಪ್ರದರ್ಶನದಲ್ಲಿ ಅಂಥ ಲೇಸಿಗೆ ಚೌಕಾಸಿ ಮಾಡೋಕೆ ಬಾಯಿ ಬರುವುದಿಲ್ಲ.

ಎಲ್ಲಿ ತಪ್ಪುತ್ತದೆ

ನನ್ನ ಎರಡನೇ ಹೊದಿಕೆ ಬುಡದಲ್ಲಿ ಅಗಲ, ಮೇಲೆ ಮೇಲೆ ಕಿರಿದಾಗಿ ಗೋಪುರದ ಆಕಾರಕ್ಕೆ ಬಂದಿತ್ತು. ಕಾರಣ ಒಂದೇ, ಸಾಲಿನ ಕೊನೆಯ ಕಂಬ. ಆ 3 ಚೈನು ಅಂಚಿನಲ್ಲಿ ಸುರುಳಿ ಸುತ್ತಿ ಕೂತಿರುತ್ತದೆ, ಕಂಬದ ಹಾಗೆ ಕಾಣುವುದೇ ಇಲ್ಲ. ಚಿಪ್ಪು ಮುಗಿದ ಖುಷಿಯಲ್ಲಿ ಅದನ್ನು ಬಿಟ್ಟು ತಿರುಗಿಸಿಬಿಡುತ್ತೇವೆ. ಉಪಾಯ: ಸಾಲು ಶುರು ಮಾಡಿ 3 ಚೈನ್ ಹಾಕಿದ ಕೂಡಲೇ ಮೂರನೆಯದಕ್ಕೆ ಬಣ್ಣದ ದಾರ ಸಿಕ್ಕಿಸಿ. ಮುಂದಿನ ಸಾಲು ಅಲ್ಲಿಗೆ ಬಂದಾಗ ದಾರವೇ ಕರೆಯುತ್ತದೆ. ಹತ್ತು ಸಾಲಿಗೊಮ್ಮೆ ಟೇಪು ಹಿಡಿದು ಅಗಲ ನೋಡಿ.

ಇನ್ನೊಂದು ತಪ್ಪು, ಚಿಪ್ಪನ್ನು ಎರಡನೇ ಅಥವಾ ನಾಲ್ಕನೇ ಕಂಬಕ್ಕೆ ಹಾಕುವುದು. ಒಂದೆರಡು ಸಲವಾದರೆ ಗೊತ್ತಾಗುವುದಿಲ್ಲ. ಐದಾರು ಸಾಲು ಹಾಗೇ ಹೋದರೆ ಚಿಪ್ಪಿನ ಸಾಲು ವಾಲುತ್ತದೆ. ಒಂದು ಚಿಪ್ಪಿನಲ್ಲಿ 4 ಅಥವಾ 6 ಕಂಬ ಬಿದ್ದರೆ ನಾನು ಬಿಚ್ಚುವುದಿಲ್ಲ. ಮುಂದಿನ ಸಾಲಿನಲ್ಲಿ ನಡುವೆ ಅಂದಾಜು ಮಾಡಿ 5 ಹಾಕಿ ಮುಂದೆ ಹೋಗುತ್ತೇನೆ. ಮಗು ಎಣಿಸುವುದಿಲ್ಲ. ಅತ್ತೆ ಎಣಿಸಿದರೆ ಎಣಿಸಲಿ.

ಎದ್ದು ಹೋಗುವಾಗ ಕಡ್ಡಿಯ ಮೇಲಿನ ಕುಣಿಕೆಯನ್ನು ಒಂದು ಗೇಣು ಉದ್ದ ಎಳೆದಿಟ್ಟು ಹೋಗಿ. ಮನೆಯಲ್ಲಿ ಬೆಕ್ಕಿದ್ದರೆ, ಇಲ್ಲವೇ ಎರಡು ವರ್ಷದ ಮೊಮ್ಮಗ ಇದ್ದರೆ, ಎಲ್ಲವನ್ನೂ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿಯೇ ಹೋಗಿ.

ಉಂಡೆ ಮುಗಿದಾಗ ಹೊಸ ನೂಲನ್ನು ಸಾಲಿನ ತುದಿಯಲ್ಲೇ ಸೇರಿಸಿ, ನಡುವೆ ಬೇಡ. ಲೇಸಿನ ನಡುವೆ ಗಂಟು ಅಡಗಿಸಲು ಜಾಗವೇ ಇರುವುದಿಲ್ಲ. ಉಳಿದ ನೂಲು ಇನ್ನೊಂದು ಸಾಲಿಗೆ ಸಾಕಾ ಅಂತ ಅನುಮಾನ ಬಂದಾಗ ಹೀಗೆ ಮಾಡಿ. ಉಳಿದದ್ದನ್ನು ಅರ್ಧಕ್ಕೆ ಮಡಚಿ, ನಡುವೆ ಒಂದು ಸಡಿಲ ಜಾರುಗಂಟು ಹಾಕಿ, ಒಂದು ಸಾಲು ಹೆಣೆಯಿರಿ. ಗಂಟು ತಲುಪುವ ಮೊದಲೇ ಸಾಲು ಮುಗಿದರೆ ಇನ್ನೊಂದಕ್ಕೂ ಸಾಕು. ತಕ್ಕಡಿ ಇದ್ದರೆ ಇನ್ನೂ ಸುಲಭ. ಒಂದು ಸಾಲಿಗೆ ನಾಲ್ಕೈದು ಗ್ರಾಂ ಬೇಕು. ಹಳೆಯದಕ್ಕೂ ಹೊಸದಕ್ಕೂ ಒಂದೊಂದು ಗೇಣು ಬಾಲ ಬಿಡಿ.

ಅಂಚು

80 ಸಾಲು ಆದ ಮೇಲೆ ದಾರ ಕತ್ತರಿಸಬೇಡಿ, ತಿರುಗಿಸಲೂಬೇಡಿ. 1 ಚೈನ್ ಹಾಕಿ, ಕೊನೆಯ ಕಂಬದ ತಲೆಗೇ 3 ಸಿಂಗಲ್. ಇದು ಮೊದಲ ಮೂಲೆ. ಅಲ್ಲಿಂದ ಬದಿಯ ಗುಂಟ ಇಳಿಯಿರಿ. ಒಂದೊಂದು ಸಾಲಿನ ಅಂಚಿಗೆ 2 ಸಿಂಗಲ್. ಕೆಳಗಿನ ಮೂಲೆಗೆ ಮತ್ತೆ 3. ಬುಡದ ಚೈನಿನ ಗುಂಟ ಚೈನಿಗೊಂದು ಸಿಂಗಲ್. ಮೂಲೆಗೆ 3, ಇನ್ನೊಂದು ಬದಿ ಹತ್ತಿ, ಮೂಲೆಗೆ 3, ಮೇಲಿನ ಸಾಲಿನಲ್ಲಿ ಹೊಲಿಗೆಗೊಂದು, ಕವಲಿನ ಕಿಂಡಿಗೂ ಒಂದು. ಶುರುವಿನ ಸಿಂಗಲ್‌ಗೆ ಸ್ಲಿಪ್ ಹೊಲಿಗೆಯಲ್ಲಿ ಜೋಡಿಸಿ.

ಇಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಸರಪಡಬೇಡಿ. ಎರಡನೇ ಸುತ್ತಿನಲ್ಲಿ 6 ಹೊಲಿಗೆಗೊಂದು ಚಿಪ್ಪು ಬರುತ್ತದೆ, ನಾಲ್ಕು ಮೂಲೆಯಲ್ಲೂ ಚಿಪ್ಪೇ ಬರಬೇಕು. ಹಾಗಾಗಬೇಕಾದರೆ ಮೂಲೆಯ ಮೂರು ಸಿಂಗಲ್ಲುಗಳನ್ನು ಬಿಟ್ಟು ಪ್ರತಿ ಬದಿಯಲ್ಲಿರುವ ಹೊಲಿಗೆಯನ್ನು 6ರಿಂದ ಭಾಗಿಸಿದರೆ 3 ಉಳಿಯಬೇಕು. ನಮ್ಮ ಮೇಲಿನ, ಕೆಳಗಿನ ಬದಿಯಲ್ಲಿ 133 ಬರುತ್ತದೆ. ಎರಡು ಕಡೆ ಒಂದರ ಬದಲು ಎರಡು ಸಿಂಗಲ್ ಹಾಕಿ 135 ಮಾಡಿ. ಉದ್ದದ ಬದಿಯಲ್ಲಿ 80 ಸಾಲಿಗೆ 160. ಒಂದು ಕಡೆ ಒಂದು ಬಿಟ್ಟು 159 ಮಾಡಿ. ಎಲ್ಲ ಕೂಡಿ, ಮೂಲೆಗಳ 12 ಸೇರಿ, 600.

ಎರಡನೇ ಸುತ್ತು: ಮೂಲೆಯ ನಡುವಿನ ಸಿಂಗಲ್‌ಗೆ ಸ್ಲಿಪ್ ಹೊಲಿಗೆಯಲ್ಲಿ ಸರಿದುಕೊಳ್ಳಿ. 3 ಚೈನ್, ಅದೇ ಜಾಗದಲ್ಲಿ ಇನ್ನೂ 6 ಕಂಬ. ಮೂಲೆಗೆ 5ರ ಬದಲು 7 ಕಂಬದ ಚಿಪ್ಪು, ಇಲ್ಲದಿದ್ದರೆ ಮೂಲೆ ಒಳಕ್ಕೆ ಸುತ್ತಿಕೊಳ್ಳುತ್ತದೆ. ಆಮೇಲೆ 2 ಬಿಟ್ಟು 1 ಸಿಂಗಲ್, 2 ಬಿಟ್ಟು 5 ಕಂಬದ ಚಿಪ್ಪು. ಹೀಗೇ ಸುತ್ತಲೂ. ಲೆಕ್ಕ ಸರಿಯಿದ್ದರೆ ಸರಿಯಾಗಿ ನೂರು ಚಿಪ್ಪು ಬಂದು ಶುರುವಾದಲ್ಲಿಗೇ ಸೇರುತ್ತದೆ. ಅಳತೆ ಈಗ ಸುಮಾರು 83ಕ್ಕೆ 93 ಸೆಂ.ಮೀ.

ಗೊಂಡೆ, ಮಣಿ, ಉಲನ್ ಚೆಂಡು, ಪೋಣಿಸಿದ ರಿಬ್ಬನ್ ಯಾವುದೂ ಬೇಡ. ಬಾಯಿಗೆ ಹೋಗುತ್ತದೆ, ಕುತ್ತಿಗೆಗೆ ಸುತ್ತುತ್ತದೆ.

ಬಾಲ ಅಡಗಿಸಿ, ನೀರಿಗೆ ಹಾಕಿ

ಉಳಿದ ಬಾಲಗಳನ್ನು ಮೊಂಡು ಸೂಜಿಗೆ ಪೋಣಿಸಿ, ಅಂಚಿನ ಸಿಂಗಲ್ಲುಗಳ ಒಳಗೆ ಒಂದು ದಿಕ್ಕಿಗೆ ಓಡಿಸಿ, ಒಂದು ಹೊಲಿಗೆ ಬಿಟ್ಟು ಹಿಂದಕ್ಕೆ, ಮತ್ತೆ ಮುಂದಕ್ಕೆ. ಮೂರು ಸಲ. ಬರೀ ಗಂಟು ಹಾಕಿ ಕತ್ತರಿಸಿದರೆ ಮೂರನೇ ಒಗೆತಕ್ಕೇ ಬಿಚ್ಚಿಕೊಂಡು ಎಳೆ ನೇತಾಡುತ್ತದೆ. ಗುರುತಿನ ದಾರದ ತುಂಡುಗಳನ್ನೆಲ್ಲ ತೆಗೆಯಿರಿ.

ಮುಗಿದ ಹೊದಿಕೆ ಮೊದಲ ನೋಟಕ್ಕೆ ಸುಕ್ಕುಸುಕ್ಕಾಗಿ, ಬಾಡಿದ ಸೊಪ್ಪಿನ ಹಾಗೆ ಕಾಣುತ್ತದೆ. ಗಾಬರಿಯಾಗಬೇಡಿ. ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ಸೋಪು ಹಾಕಿ ಅರ್ಧ ಗಂಟೆ ನೆನೆಸಿ. ಹಿಂಡಬೇಡಿ. ಟವೆಲಿನಲ್ಲಿ ಚಾಪೆಯ ಹಾಗೆ ಸುರುಳಿ ಸುತ್ತಿ, ಮೇಲೆ ಕಾಲಿಟ್ಟು ಒತ್ತಿ ನೀರು ತೆಗೆಯಿರಿ. ಒಣ ಚಾಪೆಯ ಮೇಲೆ ಬೆಡ್‌ಶೀಟ್ ಹಾಸಿ, ಹೊದಿಕೆಯನ್ನು ಹರಡಿ, ಟೇಪಿನಲ್ಲಿ ಅಳೆದು ನಾಲ್ಕೂ ಮೂಲೆ ಸಮ ಮಾಡಿ. ಅಂಚಿನ ಒಂದೊಂದು ಚಿಪ್ಪನ್ನೂ ಬೆರಳಲ್ಲಿ ಬಿಡಿಸಿ. ಗುಂಡುಸೂಜಿ ಚುಚ್ಚಿದರೆ ಎಷ್ಟು ಚುಚ್ಚಿದಿರಿ ಅಂತ ಬರೆದಿಡಿ, ತೆಗೆಯುವಾಗ ಅಷ್ಟೂ ಬಂತಾ ನೋಡಿ. ನೆರಳಲ್ಲಿ, ಫ್ಯಾನಿನ ಕೆಳಗೆ ಒಣಗಲಿ. ಒಣಗಿ ಎತ್ತಿದಾಗ ಅದೇ ಹೊದಿಕೆಯಾ ಅನ್ನಿಸುತ್ತದೆ.

ಅಕ್ರಿಲಿಕ್‌ಗೆ ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ. ಹೊಲಿಗೆಗಳು ಚಪ್ಪಟೆಯಾಗಿ ಹೊಳಪು ಬಂದುಬಿಡುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಒಗೆದ ಮೇಲೆ ತಂತಿಗೆ ಉದ್ದಕ್ಕೆ ನೇತುಹಾಕುವುದೂ ಬೇಡ, ಹತ್ತಿಯದಂತೂ ನೀರಿನ ಭಾರಕ್ಕೆ ಎಳೆದು ಸೀರೆಯಷ್ಟು ಉದ್ದವಾಗುತ್ತದೆ. ಮಂಚದ ಮೇಲೆ ಹಾಸಿ ಒಣಗಿಸಿ. ವಾಷಿಂಗ್ ಮೆಷಿನ್ನಾದರೆ ದಿಂಬಿನ ಕವರಿನೊಳಗೆ ಹಾಕಿ ಬಾಯಿ ಕಟ್ಟಿ.

ಎತ್ತಿಡುವಾಗ ಬೀರುವಿನಲ್ಲಿ ನ್ಯಾಫ್ತಲೀನ್ ಗುಂಡು ಇಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮಗುವಿನ ಬಟ್ಟೆಯ ಹತ್ತಿರ ಅದು ಬರಲೇಬಾರದು. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅದರ ಆವಿಯಿಂದಲೇ ರಕ್ತದ ಕೆಂಪುಕಣಗಳು ಒಡೆದು, ಕಾಮಾಲೆ ಏರಿ, ಪ್ರಾಣಕ್ಕೇ ಕುತ್ತು ಬರಬಹುದು. ಕೊರತೆ ಇದೆ ಅಂತ ಮೊದಲೇ ಗೊತ್ತಿರುವುದು ಕಡಿಮೆ. ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ, ಸಾಕು.

ಮಗುವಿಗೆ ಕೊಡುವಾಗ

ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಮೇಲೆ ಸಡಿಲ ಹೊದಿಕೆ ಬೇಡ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ, ಮುಖದ ಮೇಲೆ ಸರಿದು ಉಸಿರು ಕಟ್ಟುವ ಭಯ. ಹಾಗಾದರೆ ಇಷ್ಟೆಲ್ಲ ಹೆಣೆದದ್ದು ಯಾಕೆ? ಮಡಿಲಲ್ಲಿ ಹಾಲು ಕುಡಿಸುವಾಗ ಹೊದಿಸಲು, ಆಸ್ಪತ್ರೆಗೆ ಎತ್ತಿಕೊಂಡು ಹೋಗುವಾಗ ಸುತ್ತಲು, ಚಾಪೆಯ ಮೇಲೆ ಹಾಸಿ ಬೋರಲು ಮಲಗಿಸಿ ಎದುರಿಗೆ ಕೂತು ಆಡಿಸಲು. ಎಚ್ಚರವಾಗಿರುವ ಮಗು, ಪಕ್ಕದಲ್ಲಿ ದೊಡ್ಡವರು ಯಾರಾದರೂ. ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ. ತಿಂಗಳಿಗೊಮ್ಮೆ ಹೊದಿಕೆಯನ್ನು ಬೆಳಕಿಗೆ ಹಿಡಿದು, ಎಳೆ ಕಿತ್ತು ದೊಡ್ಡದಾದ ಕಣ್ಣು ಇದೆಯಾ ಅಂತ ನೋಡಲು ಹೇಳಿ.

ಒಂದು ಚೀಟಿಯಲ್ಲಿ ಯಾವ ನೂಲು, ಹೇಗೆ ಒಗೆಯಬೇಕು ಅಂತ ಬರೆದು, ಉಳಿದ ನೂಲಿನಲ್ಲಿ ಹತ್ತು ಗ್ರಾಂ ಪುಟ್ಟ ಉಂಡೆ ಸುತ್ತಿ, ಹೊದಿಕೆಯ ಜೊತೆಗೇ ಕೊಡಿ. ಎಲ್ಲಾದರೂ ಎಳೆ ಹರಿದರೆ ಅದೇ ಲಾಟಿನ ನೂಲಿನಲ್ಲಿ ಹೊಲಿದುಕೊಳ್ಳಬಹುದು.